ಬಾನಾ ಕಸೊಂಡೆ ಹಾಕಿಸಿದ ಆರು ಬಾಗಿಲು

ಮುತಾಲೆ ಮಾರುಕಟ್ಟೆಗೆ ಹೊರಡುವ ಮುಂಚೆ ನೀರು ಕುಡಿಯುತ್ತಿರಲಿಲ್ಲ. ಜಾಂಬಿಯಾದ ಉತ್ತರಕ್ಕಿರುವ ಮುಸೆಂಗಾ ಪಟ್ಟಣದಲ್ಲಿ ಒಣಮೀನು, ಸೊಪ್ಪು ಮಾರುತ್ತಿದ್ದ ಯಾವ ಹೆಂಗಸೂ ಕುಡಿಯುತ್ತಿರಲಿಲ್ಲ. ಗಂಡಸರಿಗೆ ಬಸ್ ನಿಲ್ದಾಣದ ಪಕ್ಕ ಒಂದು ಮೋಟುಗೋಡೆಯಿತ್ತು. ಹೆಂಗಸರಿಗೆ ಹೊತ್ತು ಮುಳುಗುವ ತನಕ ತಾಳ್ಮೆಯಿತ್ತು.

ಇದನ್ನು ಎಲ್ಲರೆದುರು ಬಾಯಿಬಿಡಿಸಿದವಳು ಮುನ್ಕೊಯೊ ಮಾರುತ್ತಿದ್ದ ಬಾನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ. ಮೆಕ್ಕೆಜೋಳದ ಗಂಜಿಗೆ ಬೇರು ಹಾಕಿ ಹುಳಿ ಬರಿಸಿದ ಆ ತಂಪು ಪಾನೀಯವನ್ನು ಸುಡುಬಿಸಿಲಲ್ಲೂ ಪಕ್ಕದವರು ಮುಟ್ಟದಿದ್ದಾಗ ಅವಳಿಗೆ ಸಿಟ್ಟೇ ಬಂತು.

"ಏನೇ ಮುತಾಲೆ, ನಾನು ಮಾಡಿದ್ದು ನಿಂಗೆ ಸೇರಲ್ವಾ?"

"ಸೇರತ್ತೆ ಅಮ್ಮಾ. ಕುಡಿದ್ಮೇಲೆ ಎಲ್ಲಿಗೆ ಹೋಗ್ಲಿ?"

ಮುತಾಲೆ ಆಗ ಆರು ತಿಂಗಳ ಬಸುರಿ. ದಿನವೂ ತಡೆದು ತಡೆದು ಉರಿಮೂತ್ರ ಹತ್ತಿ, ಜ್ವರವೇರಿ, ಆ ವಾರವೇ ಆಸ್ಪತ್ರೆ ಸೇರಿದಳು. ವ್ಯಾಪಾರ ಬಿಟ್ಟು ನಾಲ್ಕು ದಿನ ಅವಳ ಮಂಚದ ಬಳಿ ಕೂತವಳು ಬಾನಾ ಕಸೊಂಡೆ. ಮಗು ಉಳಿಯಿತು.

ಮರುವರ್ಷ ಪುರಸಭೆಯ ಚುನಾವಣೆಗೆ ಬಾನಾ ಕಸೊಂಡೆ ನಿಂತಳು.

"ಸೌಟು ಹಿಡಿಯೋ ಕೈ ಸಭೇಲಿ ಏನು ಮಾಡತ್ತೆ?" ಎಂದು ಗಂಡಸರು ಕುಟುಕಿದರು.

"ಕಲಕತ್ತೆ," ಎಂದಳು.

ಮಾರುಕಟ್ಟೆಯ ಹೆಂಗಸರೆಲ್ಲ ಸಾಲುಗಟ್ಟಿ ಮತ ಹಾಕಿದರು. ಹೀಗೆ ಆ ಪುರಸಭೆಗೆ ಮೊದಲ ಬಾರಿ ಒಬ್ಬ ಹೆಂಗಸು ಕಾಲಿಟ್ಟಳು. ಆದರೆ ಮೂರು ಸಲ ಶೌಚಾಲಯದ ಮಾತೆತ್ತಿದಾಗ ಮೂರು ಸಲವೂ ಅಧ್ಯಕ್ಷ ಚಿಸಾಂಗಾ, "ಮರ್ಯಾದಸ್ಥರ ಸಭೆ ಅಮ್ಮಾ ಇದು, ಇಂಥದ್ದೆಲ್ಲ ಇಲ್ಲಿ ಬೇಡ," ಎಂದು ಅವಳನ್ನು ಕೂರಿಸಿಬಿಟ್ಟ.

ನಾಲ್ಕನೆಯ ಸಲ ಅವಳು ವಾದಿಸಲಿಲ್ಲ. ಮಾರುಕಟ್ಟೆ ನೋಡಲು ಬನ್ನಿ ಎಂದು ಸದಸ್ಯರನ್ನೆಲ್ಲ ಕರೆದಳು. ಅಂಗಡಿಗೊಬ್ಬಳಂತೆ ಹೆಂಗಸರು ಮಂಡಿಯೂರಿ ಎರಡೂ ಕೈಯಲ್ಲಿ ಮುನ್ಕೊಯೊ ನೀಡಿದರು. ಹಾಗೆ ಕೊಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ. ಮುತಾಲೆಯೂ ಅಧ್ಯಕ್ಷನಿಗೆ ತುಂಬಿದ ಬಟ್ಟಲು ಕೊಟ್ಟಳು. ಅದು ಅವನ ಒಂಬತ್ತನೆಯದು. ಹನ್ನೊಂದು ಗಂಟೆಯ ಹೊತ್ತಿಗೆ ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ.

"ಅಮ್ಮಾ, ಇಲ್ಲೆಲ್ಲಾದ್ರೂ ಹತ್ತಿರದಲ್ಲಿ..."

"ಗೋಡೆ ಇದೆಯಲ್ಲ ಅಧ್ಯಕ್ಷರೇ."

"ಇಷ್ಟು ಜನ ನೋಡ್ತಿದಾರೆ!"

"ಇವರೂ ಅದನ್ನೇ ಹೇಳ್ತಿರೋದು."

ಚಿಸಾಂಗಾ ಅವಳ ಮುಖ ನೋಡಿದ, ಸುತ್ತಲಿನ ಹೆಂಗಸರನ್ನು ನೋಡಿದ. ಆಮೇಲೆ, ದೊಡ್ಡ ಮನುಷ್ಯನೇ ಅನ್ನಬೇಕು, ನಕ್ಕುಬಿಟ್ಟ. ನಗುತ್ತಲೇ ಕಾರಿನತ್ತ ಓಡಿದ. ಮುಂದಿನ ಸಭೆಯಲ್ಲಿ ಠರಾವು ಮಂಡಿಸಿದವನೂ ಅವನೇ. ಮಳೆಗಾಲಕ್ಕೆ ಮೊದಲೇ ಆರು ಬಾಗಿಲು ನಿಂತವು. ಒಳಗಡೆ ಚಿಲಕ, ಹೊರಗಡೆ ನಲ್ಲಿ.

ಆ ಶೌಚಾಲಯಕ್ಕೆ ಅವಳ ಹೆಸರಿಡೋಣ ಎಂದು ಜನ ಅಂದಾಗ ಬಾನಾ ಕಸೊಂಡೆ ಕೈಮುಗಿದಳು. "ಬೇಡ್ರಪ್ಪಾ, ಆಮೇಲೆ ಎಲ್ಲರೂ 'ಬಾನಾ ಕಸೊಂಡೆಗೆ ಹೋಗ್ಬರ್ತೀನಿ' ಅಂತಾರೆ." ಹೆಸರಿಡಲಿಲ್ಲ. ಆದರೂ ಮುಸೆಂಗಾದ ಹೆಂಗಸರು ಇವತ್ತಿಗೂ ಹಾಗೇ ಅನ್ನುತ್ತಾರೆ.

ಹನ್ನೊಂದು ವರ್ಷದ ಮೇಲೆ ಮಂಡಿನೋವೆಂದು ಅವಳು ಬಿಟ್ಟ ಜಾಗಕ್ಕೆ ಮುತಾಲೆಯನ್ನೇ ನಿಲ್ಲಿಸಿ ಗೆಲ್ಲಿಸಿದಳು. ಮೊದಲ ಸಭೆಯಲ್ಲಿ ಎದ್ದು ನಿಂತ ಮುತಾಲೆ ಸುತ್ತ ನೋಡಿ ಮತ್ತೆ ಕೂರಲು ಹೋದಳು. ನೋಡಲು ಬಂದವರ ಹಿಂದಿನ ಬೆಂಚಿನಿಂದ ಬಾನಾ ಕಸೊಂಡೆ ಕೋಲು ಕುಟ್ಟಿದ ಸದ್ದು ಕೇಳಿತು.

"ಮಾತಾಡೇ. ನಿನ್ನ ಪಾಡಿಗೆ ನೀನು ಮಾತಾಡು, ನಾನು ಇಲ್ಲೇ ಕೂತಿದೀನಿ."

ಮುತಾಲೆ ಮಾತಾಡಿದಳು.