ಇಡ್ಲಿಯ ಹಬೆಯಲ್ಲಿ ಕಂಡ ನೀಲಿ

ಚರ್ಮರೋಗ ವೈದ್ಯರಲ್ಲಿ ನೋಡಿ ಹೇಳುವವರು ಹಲವರು. ಕೇಳಿ, ಆಮೇಲೆ ನೋಡುವವರು ವಿರಳ. ಮಣಿಪಾಲದಲ್ಲಿ ಓದಿ, ಕಾರ್ಕಳದ ಪುಟ್ಟ ಕ್ಲಿನಿಕ್ಕಿನಲ್ಲಿ ವೃತ್ತಿಗೆ ತೊಡಗಿ, ಉಡುಪಿಯ ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾಗುತ್ತಿರುವ ಡಾ. ಮನೋರಮಾ ಅವರು ಆ ವಿರಳರ ಸಾಲಿಗೆ ಸೇರಿದವರು. ಚರ್ಮವನ್ನು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪನ್ನು ವಿಭಾಗಕ್ಕೆ ತರಿಸಿದವರು ಅವರೇ. ಊಟಕ್ಕೆ ಬಿಡುವಾಗದ ಕಿರಿಯರಿಗೆ ತಮ್ಮ ಬುತ್ತಿಯ ಅರ್ಧ ಕೊಟ್ಟು, ಆ ಉಪಕರಣದಲ್ಲಿ ನೋಡುವುದನ್ನು ಕಲಿಸಿದವರೂ ಅವರೇ.

ಹಾಗೆ ಕಲಿತವರಲ್ಲಿ ಡಾ. ಅಕ್ಷಿತಾ ಒಬ್ಬರು. ಅವರು ಸೇರಿದ ವರ್ಷದ ಬೇಸಗೆಯಲ್ಲಿ ಕಾಪುವಿನಿಂದ ಪ್ರೆಸಿಲ್ಲಾ ಎಂಬವರು ಮೂರನೆಯ ಸಲ ಬಂದರು. ಹೋಟೆಲಿನಲ್ಲಿ ಅಡುಗೆ ಕೆಲಸ. ಕಣ್ಣಿನ ಕೆಳಗೆ ನೀಲಿ ಗುಳ್ಳೆಗಳೇಳುತ್ತವೆ ಎಂಬುದು ದೂರು. ತಾಯಿಗೆ ಅದೇ ಜಾಗದಲ್ಲಿ ಎದ್ದ ನೀಲಿ ಗಂಟು ಕ್ಯಾನ್ಸರ್ ಆಗಿದ್ದರಿಂದ ಭಯ. ಆದರೆ ಅಕ್ಷಿತಾರಿಗೆ ಮೂರು ಸಲವೂ ಗುಳ್ಳೆ ಕಾಣಲಿಲ್ಲ. ಮೊಬೈಲಿನಲ್ಲಿ ತೆಗೆದು ತಂದ ಚಿತ್ರದಲ್ಲಿ ಹಬೆಯೇ ಹೆಚ್ಚು.

“ಕೆಲಸದಲ್ಲಿರುವಾಗ ಉಂಟು ಡಾಕ್ಟ್ರೇ, ಇಲ್ಲಿಗೆ ಬಂದರೆ ಇಲ್ಲ,” ಎಂದರು ಪ್ರೆಸಿಲ್ಲಾ. “ನಿನಗೆ ಉಡುಪಿ ತಿರುಗುವ ಚಟ ಅಂತ ಅತ್ತಿಗೆ ತಮಾಷೆ ಮಾಡ್ತಾರೆ.”

ಅಕ್ಷಿತಾ ಚೀಟಿಯಲ್ಲಿ ‘ಏನೂ ಇಲ್ಲ’ ಎಂದು ಬರೆಯುತ್ತಿದ್ದಾಗ ಪಕ್ಕದ ಮೇಜಿನಿಂದ ಮನೋರಮಾ ಕೇಳಿದರು: “ಹೊರಗೆ ಎಷ್ಟು ಹೊತ್ತು ಕಾದಿರಿ?”

“ಎರಡು ಗಂಟೆ. ಎಸಿ ಉಂಟಲ್ಲ, ಸುಖವೇ.”

ಮೇಡಂ ಎದ್ದೇಬಿಟ್ಟರು. ಇಬ್ಬರನ್ನೂ ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಮನೆಗೆ ಕರೆದೊಯ್ದು, ಪ್ರೆಸಿಲ್ಲಾರನ್ನು ಇಡ್ಲಿ ಬೇಯುವಲ್ಲಿ ಕುಳ್ಳಿರಿಸಿದರು.

“ಎಂತ ಮೇಡಂ, ಇಲ್ಲೇ ಆಪರೇಷನ್ನಾ?” ಎಂದರು ಅಡುಗೆಯ ಜೋಕಿಮ್.

“ನಿಮ್ಮ ಹಬೆ ಸಾಕು ಮಾರಾಯ್ರೇ.”

ಅರ್ಧ ಗಂಟೆಯಲ್ಲಿ ಸಾಸಿವೆಗಾತ್ರದ ಏಳು ಗುಳ್ಳೆಗಳೆದ್ದವು. ಅಕ್ಷಿತಾ ಡರ್ಮೋಸ್ಕೋಪಿನ ಗಾಜು ಒರೆಸಿ ನೋಡಿದರೆ ಒಂದೇ ಸಮನಾದ ತಿಳಿನೀಲಿ. ಕ್ಯಾನ್ಸರಿನ ಗುರುತೆಂದು ಹುಡುಕುವ ಕಪ್ಪು ಚುಕ್ಕೆಗಳಾಗಲಿ, ಕವಲೊಡೆದ ದಪ್ಪ ರಕ್ತನಾಳಗಳಾಗಲಿ ಇರಲಿಲ್ಲ. ಬೆವರು ಗ್ರಂಥಿಯ ನಾಳ ಉಬ್ಬಿ ಆದ ನಿರಪಾಯದ ಗುಳ್ಳೆಗಳವು. ಸೆಕೆಗೆ ಏಳುತ್ತವೆ, ತಂಪಿಗೆ ಇಳಿಯುತ್ತವೆ. ಒಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದಾಗ ವರದಿಯೂ ಅದನ್ನೇ ಹೇಳಿತು.

ಪ್ರೆಸಿಲ್ಲಾ ವರದಿಯನ್ನು ಪೂರ್ತಿ ಕೇಳಿದರು. ಆಮೇಲೆ, “ಹಾಗಾದರೆ ನಾನು ಸುಳ್ಳು ಹೇಳಿದ್ದಲ್ಲ, ಅಲ್ವಾ?” ಎಂದರು. ಅಕ್ಷಿತಾರಿಗೆ ತಲೆಯೆತ್ತಲಾಗಲಿಲ್ಲ. ಅತ್ತಿಗೆಗೆ ತೋರಿಸಲೆಂದು ಮೇಡಂ ವರದಿಯ ಸಾರವನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಟ್ಟರು.

ಇನ್ನು ಮುಂದೆ ಅವರು ಕಾರ್ಕಳದಲ್ಲಿ ವಾರಕ್ಕೆ ಮೂರು ದಿನ ರೋಗಿಗಳನ್ನು ನೋಡುವರಂತೆ. ಅವರ ಆಯುಸ್ಸು ದೀರ್ಘವಾಗಿರಲಿ, ಕಣ್ಣು ಕಿವಿಗಳು ಚುರುಕಾಗಿರಲಿ. ನಮಗೆ ಕಾಣದ್ದನ್ನು ಕೇಳಲು ನಾವು ಅಲ್ಲಿಗೂ ಬರುವವರೇ.