ನನ್ನ ಫಟಫಟಿ ಸುಮ್ಮನಾದ ದಿನ

ಕಳೆದ ಸೋಮವಾರ ನಾನು ನನ್ನ ಮನೆಗೇ ಕಳ್ಳನಂತೆ ಬಂದೆ. ಹಾಗೆ ಬರುವ ಇರಾದೆ ಖಂಡಿತ ಇರಲಿಲ್ಲ. ಮಾಡಿದ್ದು ಇಷ್ಟೇ: ಭಾನುವಾರ ಮನೆಯ ಕಟ್ಟೆಯ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಸಲ, ಮೋಟರ್ ಸೈಕಲ್ಲಿನ ವಾಲ್ವ್ ಸರಿಮಾಡಿದ್ದೆ.

ಈ ಅಂಕಣ ಓದುವ ನಿಮಗೆ ನನ್ನ ಫಟಫಟಿಯ ಪರಿಚಯ ಇದ್ದೇ ಇದೆ. (ಇಲ್ಲದವರು ರೋಣದ ಯಾವ ನಾಯಿಯನ್ನಾದರೂ ಕೇಳಿ.) ಮಿಲಿಟರಿ ಹರಾಜಿನಲ್ಲಿ ಕೊಂಡ ಇಂಗ್ಲಿಷ್ ಗಾಡಿ. ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಪರವಾಗಿ ಹತ್ತಿ ನೋಡಲು ನರಗುಂದ, ಸೂಡಿ, ಗಜೇಂದ್ರಗಡ ಎಂದು ತಿರುಗುವವನಿಗೆ ಅದೇ ಕಾಲು. ಯುದ್ಧದಲ್ಲಿ ಏನೇನು ಕಂಡಿತ್ತೋ, ಓಡುವಾಗೆಲ್ಲ ಟಕಟಕ ಟಕಟಕ ಎಂದು ಹಲ್ಲು ಕಟಕಟಿಸುತ್ತಿತ್ತು.

ನಮ್ಮ ಮನೆಗೆ ಹತ್ತಿಕೊಂಡೇ ಹುಸೇನಸಾಬರ ಹಿಟ್ಟಿನ ಗಿರಣಿ. ಅದರ ಇಂಜಿನ್ ಹಗಲೆಲ್ಲ ಧುಪ್ ಧುಪ್. ನನ್ನ ಗಾಡಿಯ ಧುಪ್ ಧುಪ್ ಅದರಲ್ಲೇ ಕಲೆತುಹೋಗುತ್ತದೆ. ಆದರೆ ಆ ಟಕಟಕ ಮಾತ್ರ ಹನುಮಪ್ಪನ ಗುಡಿಯ ತಿರುವಿನಿಂದಲೇ ಮನೆಗೆ ಕೇಳುತ್ತಿತ್ತು.

ನಾನು ಒಳಗೆ ಕಾಲಿಟ್ಟರೆ ಅವ್ವ ಕಂಬಕ್ಕೆ ಒರಗಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿರುತ್ತಾಳೆ. ನಮ್ಮಾಕೆ ತಲೆಯ ಮೇಲೆ ಸೆರಗು ಹೊದ್ದು ಒಲೆಯ ಮುಂದೆ. ಹಂಚಿನ ಮೇಲೆ ರೊಟ್ಟಿ ಆಗಷ್ಟೇ ಉಬ್ಬುತ್ತಿರುತ್ತದೆ. ಏನು ಶಿಸ್ತು! ಯಾರಿಗಿದೆ ಇಂಥ ಮನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಒಂದೇ ಕೊರತೆ. ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಮದುವೆಯಾಗಿ ಎರಡು ವರ್ಷ, ನನ್ನ ಮುಂದೆ ಇಬ್ಬರ ನಡುವೆ ಒಂದು ನಗು ಹಾಯ್ದದ್ದನ್ನು ನಾನು ಕಾಣೆ. ನನ್ನ ಕಿವಿಗೆ ಬರುತ್ತಿದ್ದುದು ದೂರುಗಳಷ್ಟೇ. "ತಮ್ಮಾ, ನಿನ್ನ ಹೇಂತಿ ಸಾರಿಗೆ ಉಪ್ಪ ಹಾಕೂದ ಮರ್ತಾಳ ನೋಡು" ಎಂದು ಅವ್ವ. "ಅತ್ತಿಯವರು ಎಣ್ಣಿ ಡಬ್ಬಿ ಎಲ್ಲಿಟ್ಟಾರೋ ಏನೋ, ನನಗ ಹೇಳಂಗಿಲ್ಲ" ಎಂದು ಆಕೆ, ಬಡಿಸುವಾಗ, ಗೋಡೆಗೆ ಹೇಳಿದ ಹಾಗೆ.

ಎಷ್ಟು ದಿನ ಕೇಳುವುದು? ನರಗುಂದದಲ್ಲಿರುವ ಅಣ್ಣನಿಗೆ ಬರೆದೆ. ಶನಿವಾರ ಉತ್ತರ ಬಂತು, ಒಂದು ಕಾರ್ಡು. "ಶುಕ್ರವಾರದ ಬಸ್ಸಿಗೆ ಅವ್ವನ್ನ ಕಳಿಸು. ಹಿಂದಿನ ಖೋಲಿ ತೆರವು ಮಾಡಿಸೇನಿ." ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಇಬ್ಬರಿಗೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಬಾಯಿಗೆ ಬಾರದ ಮಾತು ಎದೆಯಲ್ಲಿದ್ದಾಗ ಗಂಡಸರು ಏನನ್ನಾದರೂ ಬಿಚ್ಚಿ ಕೂರುತ್ತಾರೆ. ನಾನು ಇಂಜಿನ್ ಬಿಚ್ಚಿದೆ.

ವಾಲ್ವ್ ಎಂದರೆ ಇಂಜಿನ್ನಿನ ಬಾಗಿಲು. ಒಂದು ಗಾಳಿ ಒಳಗೆ ಬರಲು, ಇನ್ನೊಂದು ಹೊಗೆ ಹೊರಗೆ ಹೋಗಲು. ಬಾಗಿಲಿಗೂ ಅದನ್ನು ತಳ್ಳುವ ಸಲಾಕೆಗೂ ನಡುವೆ ಒಂದಿಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕದಿಂದ ನನಗೆ ತಿಳಿದದ್ದು ಇಷ್ಟು. ಇಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಬೇಕು ಎಂದೂ ಅದರಲ್ಲಿತ್ತು. ಶಿವರಾತ್ರಿ ಕಳೆದ ಮೇಲೆ ರೋಣದಲ್ಲಿ ತಣ್ಣಗಿರುವುದು ಯಾವುದು? ಒದ್ದೆ ಬಟ್ಟೆ ಸುತ್ತಿದೆ.

"ಅದಕ್ಕ ಜ್ವರಾ ಬಂದಾವೇನೋ ತಮ್ಮಾ?" ಅವ್ವ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಯಾರೂ ಮುಟ್ಟಬ್ಯಾಡ್ರಿ, ಇದು ಶಾಸ್ತ್ರ ಐತಿ!" ಎಂದು ಗದರಿದೆ.

ಶಾಸ್ತ್ರಜ್ಞ ಏನು ಮಾಡಿದ? ಸಂದು ಇದ್ದರೆ ತಾನೇ ಸದ್ದು ಎಂದು ಸಂದನ್ನೇ ಇಲ್ಲವಾಗಿಸಿದ. ನಟ್ಟು ಬಿಗಿದು ಕಿಕ್ ಹೊಡೆದೆ. ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ಇಳಿಯಿತು. ಫುಸ್. ಇನ್ನೊಂದು. ಫುಸ್. ಓಣಿಯ ಮಂದಿ ನೆರೆದರು. ಬೆವರು ಗಲ್ಲದಿಂದ ಇಳಿಯಿತು. ಕೊನೆಗೆ ಮೀಸೆಯವರೆಗೆ ಹಿಟ್ಟು ಮೆತ್ತಿಕೊಂಡ ಹುಸೇನಸಾಬರು ಗಿರಣಿಯಿಂದ ಎದ್ದು ಬಂದರು.

"ಶಿವಣ್ಣಾರ, ಕಬ್ಬಿಣ ಕಾದ ಮ್ಯಾಲ ಬೆಳಿತೈತ್ರಿ. ಬೆಳ್ಯಾಕ ಜಾಗಾ ಬಿಡಬೇಕೋ ಬ್ಯಾಡೋ? ನೀವು ಬಾಗ್ಲಾನ ಮುಚ್ಚಗೊಡವಲ್ರಿ. ಗಾಡಿ ಹ್ಯಾಂಗ ಚಾಲೂ ಆಗಬೇಕು?"

ಸಂದು ಅಳೆಯುವ ಪಟ್ಟಿ ಹುಬ್ಬಳ್ಳಿಯಲ್ಲಿ ಸಿಕ್ಕೀತು. ರೋಣದಲ್ಲಿ? "ದಾಡಿ ಮಾಡೂ ಬ್ಲೇಡ್ ತರ್ರಿ, ಸಾಕು" ಎಂದರು. ಒಳಗೆ ಹೋಗಿ ತಂದುಕೊಂಡೆ. ಎರಡೂ ಕೈ ಸ್ಪ್ಯಾನರಿಗೆ ಬೇಕಾದ್ದರಿಂದ ಬ್ಲೇಡನ್ನು ತುಟಿಯಲ್ಲಿ ಹಿಡಿದುಕೊಂಡೆ. (ನೀವು ಹಿಡಿಯಬೇಡಿ.) ಬ್ಲೇಡು ಸಂದಿನಲ್ಲಿ ತುಸು ಬಿಗಿಯಾಗಿ ಜಾರುವಷ್ಟು ತಿರುಪಿದೆ. ಹೊಗೆಯ ಬಾಗಿಲು ಹೆಚ್ಚು ಕಾಯುವುದರಿಂದ ಅದಕ್ಕೆ ಬ್ಲೇಡಿನ ಜೊತೆ ಒಂದು ಚೂರು ಗಾಳಿಪಟದ ಕಾಗದ. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಟಕಟಕ ಮಾಯ! ಅಂದು ನಾನು ನಡೆದದ್ದಲ್ಲ, ಬೀಗಿದ್ದು.

ಸೋಮವಾರ ಗಜೇಂದ್ರಗಡಕ್ಕೆ ಹೋಗಿ, ಸಂಜೆ ನಾಲ್ಕಕ್ಕೆ ಮರಳಿದೆ. ದಾರಿಯುದ್ದಕ್ಕೂ ಕಿಸೆಯ ಕಾರ್ಡು ಎದೆಗೆ ಚುಚ್ಚುತ್ತಿತ್ತು. ಇವತ್ತು ಹೇಳಿಬಿಡಬೇಕು. ಗಿರಣಿಯ ಧುಪ್ ಧುಪ್ಪಿನೊಳಗೆ ನನ್ನ ಧುಪ್ ಧುಪ್ ಬೆರೆಯಿತು. ಗಾಡಿ ನಿಲ್ಲಿಸಿ, ಅರೆ ತೆರೆದ ಬಾಗಿಲಿಗೆ ಕೈ ಹಚ್ಚಿದವನು ಹಾಗೇ ನಿಂತೆ.

ಪಡಸಾಲೆಯ ನಡುವೆ ನಮ್ಮಾಕೆ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆಯ ಮೇಲೆ ಸೆರಗಿಲ್ಲ, ನನ್ನ ಕರಿ ಟೊಪ್ಪಿಗೆ. ಮುಂದೆ ಬೋರಲು ಹಾಕಿದ ಕೊಡ, ಅದಕ್ಕೆ ಸುತ್ತಿದ ಒದ್ದೆ ಅರಿವೆ. ಕೈಯಲ್ಲಿ ಇಕ್ಕಳ. ತುಟಿಗಳ ನಡುವೆ ಒಂದು ವೀಳ್ಯದೆಲೆ. ಅದು ಬ್ಲೇಡು!

"ಯಾರೂ ಮುಟ್ಟಬ್ಯಾಡ್ರಿ" ಎಂದಳು, ಎಲೆ ಕಚ್ಚಿಕೊಂಡೇ, ಥೇಟ್ ನನ್ನ ದನಿಯಲ್ಲಿ. "ಇದು ಶಾಸ್ತ್ರ ಐತಿ!" ಎದ್ದು ನಿಂತು ಗಾಳಿಗೆ ಕಿಕ್ ಹೊಡೆದಳು.

"ಫುಸ್!" ಎಂದಿತು ಇಂಜಿನ್. ಇಂಜಿನ್ ಆಗಿದ್ದವಳು ನಮ್ಮ ಅವ್ವ.

ಅವ್ವ ನಗುತ್ತಿದ್ದಳು. ಮೊರದ ತೊಗರಿ ಚೆಲ್ಲಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. "ಸಾಕ ಬಿಡ ಗಂಗವ್ವಾ, ಹೊಟ್ಟಿ ನೋಯಾಕತ್ತೈತಿ. ಇವನ ಅಪ್ಪನೂ ಹಿಂಗ. ಒಮ್ಮೆ ಗಡಿಯಾರ ಬಿಚ್ಚಿ ಕುಂತ. ಎಂಟ ದಿನ ಮನ್ಯಾಗ ಹೊತ್ತ ಎಷ್ಟಾತಂತ ಗೊತ್ತಾಗ್ಲಿಲ್ಲ."

"ಆಮ್ಯಾಲ ಏನಾತ್ರೀ ಅತ್ತಿ?"

"ಏನಾಗೂದು? ಕೂಡಿಸಿದ. ನಾಕ ತಿರುಪು ಉಳದ್ವು. ಗಡಿಯಾರ ಮೊದಲಿಗಿಂತ ಚಲೋ ನಡೀತು!"

ಮತ್ತೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಅಪ್ಪ ತೀರಿ ಮೂರು ವರ್ಷ. ಆಮೇಲೆ ಅವ್ವ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅಪ್ಪನ ಮಾತು ಎತ್ತಿದರೆ ಅತ್ತಾಳೆಂದು ನಾನು ಎತ್ತುತ್ತಲೇ ಇರಲಿಲ್ಲ. ಈ ಹುಡುಗಿ ಆಕೆಯನ್ನು ಅಪ್ಪನ ನೆನಪಿನಲ್ಲೇ ನಗಿಸುತ್ತಿದ್ದಾಳೆ! ಕಿಸೆಯ ಕಾರ್ಡು ನೆನಪಾಗಿ ನನಗೆ ನಾಚಿಕೆಯಾಯಿತು. ಭಾಳ ನಾಚಿಕೆಯಾಯಿತು. ಜೊತೆಗೆ, ಸುಳ್ಳೇಕೆ, ತುಸು ಹೊಟ್ಟೆಕಿಚ್ಚೂ ಆಯಿತು.

ಗಂಡನ ಎದುರು, ಅದೂ ಅತ್ತೆಯ ಮುಂದೆ, ಸೊಸೆ ಹಲ್ಲು ಬಿಟ್ಟು ನಗಬಾರದು. ಮಗನ ಎದುರು ಅತ್ತೆ ಸೊಸೆಗೆ ಸಲಿಗೆ ಕೊಡಬಾರದು. ನಮ್ಮ ಕಡೆಯ ಶಿಸ್ತು ಇದು. ಟಕಟಕ ಕೇಳಿದ ಕೂಡಲೇ ಇಬ್ಬರೂ ಅವರವರ ಜಾಗಕ್ಕೆ ಓಡುತ್ತಿದ್ದರು. ಒಬ್ಬಳು ಕಂಬಕ್ಕೆ, ಒಬ್ಬಳು ಒಲೆಗೆ. ನಾನು ಎರಡು ವರ್ಷ ನೋಡಿದ್ದು ಆ ಓಟ ಮುಗಿದ ಮೇಲಿನ ಮನೆಯನ್ನು.

ಮತ್ತೆ ಆ ದೂರುಗಳು? ಯೋಚಿಸಿದೆ. ಹತ್ತಿಯ ದರ ಬಿಟ್ಟು ಬೇರೆ ಯಾವ ಮಾತಿಗೂ ನಾನು ಕಿವಿ ಕೊಟ್ಟವನಲ್ಲ. ದೂರು ಹೇಳಿದಾಗ ಮಾತ್ರ ತಲೆ ಎತ್ತುತ್ತಿದ್ದೆ. ಹಾಗಾಗಿ ಇಬ್ಬರೂ ನನ್ನ ತನಕ ದೂರನ್ನೇ ತಂದರು.

ಸದ್ದಿಲ್ಲದೆ ಹಿಂದೆ ಸರಿದೆ. ಗಾಡಿಯನ್ನು ಗುಡಿಯ ತನಕ ತಳ್ಳಿಕೊಂಡು ಹೋಗಿ, ಅಲ್ಲಿಂದ ಹಾರ್ನ್ ಹೊಡೆಯುತ್ತ ಬಂದೆ. ಅವ್ವ ಕಂಬಕ್ಕೆ ಒರಗಿದ್ದಳು. ಆಕೆ ಒಲೆಯ ಮುಂದೆ, ತಲೆಯ ಮೇಲೆ ಸೆರಗು. ಟೊಪ್ಪಿಗೆ ಗೂಟಕ್ಕೆ ಏರಿತ್ತು.

"ಇವತ್ತ ನಿನ್ನ ಗಾಡಿ ಟಕಟಕ ಸಪ್ಪಳನ ಬರಲಿಲ್ಲಲ್ಲೋ ತಮ್ಮಾ?" ಅವ್ವನ ದನಿಯಲ್ಲಿ ಆತಂಕವಿತ್ತು.

"ನಾಳಿ ನೋಡ್ತೇನಿ ಬೇ" ಎಂದೆ.

ಮಂಗಳವಾರ ಬೆಳಿಗ್ಗೆ ಇಂಜಿನ್ನಿನ ಮುಚ್ಚಳ ಮತ್ತೆ ತೆರೆದೆ. ಬ್ಲೇಡು ತರಲಿಲ್ಲ. ಕಿಸೆಯಿಂದ ಅಣ್ಣನ ಕಾರ್ಡು ತೆಗೆದು ಸಂದಿನಲ್ಲಿ ತೂರಿಸಿ, ಅದರ ದಪ್ಪಕ್ಕೆ ನಟ್ಟು ಬಿಗಿದೆ. ಟಕಟಕ ಟಕಟಕ! ಅಣ್ಣನಿಗೆ ಬೇರೆ ಕಾರ್ಡು ಬರೆದೆ: "ಅವ್ವ ಬರಂಗಿಲ್ಲ. ಇಲ್ಲೆ ಆಕಿಗೆ ಕೆಲಸ ಭಾಳ ಅದಾವ."

ಹುಸೇನಸಾಬರು ಗಿರಣಿಯಿಂದಲೇ ಕೂಗಿದರು. "ಮತ್ತ ಕೆಡಿಸಿದ್ರೇನ್ರೀ ಶಿವಣ್ಣಾರ? ಬರ್ರಿ, ನಾ ಸರಿ ಮಾಡ್ತೀನಿ."

"ಇರಲಿ ಬಿಡ್ರಿ. ಈಗ ಸರಿ ಐತಿ."

ಅವ್ವನಿಗೆ ಓದಲು ಬಾರದು. ಈ ಅಂಕಣವನ್ನು ವಾರವಾರವೂ ನಮ್ಮಾಕೆ ಆಕೆಗೆ ಓದಿ ಹೇಳುತ್ತಾಳಂತೆ. (ಇದನ್ನೂ ನನಗೆ ಹೇಳಿದವರು ಹುಸೇನಸಾಬರೇ.) ಹಾಗಾದರೆ ಕಾರ್ಡಿನ ಸಂಗತಿ ಇವತ್ತು ಇಬ್ಬರಿಗೂ ಗೊತ್ತಾಯಿತು. ನಾನು ಸಂಜೆಯ ತನಕ ಗಜೇಂದ್ರಗಡದಲ್ಲಿರುತ್ತೇನೆ. ಅತ್ತೆ ಸೊಸೆ ಕೂಡಿ ಓದಿ, ಮನಸಾರೆ ಬೈದು, ನಕ್ಕು ಮುಗಿಸಿ. ಗುಡಿಯ ತಿರುವಿಗೆ ನಾನು ಬಂದದ್ದು ನಿಮಗೆ ಕೇಳಿಸದೆ ಇರುತ್ತದೆಯೇ?