ನಿನ್ನ ಬಲಕ್ಕೇ ಹೊಡಿತೆ

ನಿನ್ನೆ ಮೊಣಕಾಲಿಗೆ ಹಚ್ಚಲು ಒಂದು ಬಾಟಲಿ ಎಣ್ಣೆ ತಂದೆ. ಇಲ್ಲಿ ಅಹಮದಾಬಾದಿನ ವಸ್ತ್ರಾಪುರ ಕೆರೆಯ ಹತ್ತಿರದ ಔಷಧಿ ಅಂಗಡಿಯವನು ಹೆಚ್ಚೇನೂ ಕೇಳದೆ ತೆಗೆದು ಕೊಟ್ಟ. ನಾನು ಮೆಟ್ಟಿಲು ಹತ್ತಿದ ರೀತಿ ನೋಡಿಯೇ ಅವನಿಗೆ ಗೊತ್ತಾಗಿರಬೇಕು. ಮನೆಗೆ ಬಂದು ಮುಚ್ಚಳ ತಿರುಗಿಸಿದೆ. ಕರ್ಪೂರ, ನೀಲಗಿರಿ, ಅದರಡಿಯಲ್ಲಿ ಕಾದ ಎಳ್ಳೆಣ್ಣೆ. ವಾಸನೆ ಮೂಗಿಗೆ ತಾಗಿದ್ದೇ ತಡ, ಹಳೆಯ ಹೆದರಿಕೆಯೊಂದು ಎದ್ದು ಕೂತಿತು. ನಲವತ್ತಮೂರು ವರ್ಷದ ಗಂಡಸು ನೋವಿನ ಎಣ್ಣೆಗೆ ಹೆದರುತ್ತಾನೆಂದರೆ ನಿಮಗೆ ನಗು ಬರಬಹುದು. ಆದರೆ ಒಂದು ಕಾಲದಲ್ಲಿ ಆ ವಾಸನೆ ಹತ್ತಿರ ಬಂದಾಗಲೆಲ್ಲ ನಾನು ಗೋಲು ಬಿಟ್ಟುಕೊಟ್ಟಿದ್ದೇನೆ.

ಅದು ಸದಣ್ಣನ ವಾಸನೆ.

ಪೂರ್ತಿ ಹೆಸರು ಸದಾಶಿವ, ಕುಂದಾಪುರದ ಕಡೆಯವನು. ಸೂರತ್ತಿನ ವರಾಛಾದಲ್ಲಿ ಶೆಟ್ಟರೊಬ್ಬರ ಉಡುಪಿ ಹೋಟೆಲಿತ್ತು, ಅಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ. ವಜ್ರ ಉಜ್ಜುವ ಕಾರ್ಖಾನೆಗಳ ಜನ ಕೆಲಸಕ್ಕೆ ಕೂರುವ ಮೊದಲು ಒಟ್ಟಿಗೇ ನುಗ್ಗುವ ಹೋಟೆಲು ಅದು. ಬೆಳಗಿನಿಂದ ನಿಂತ ಕಾಲು ನಿಂತೇ ಇರಬೇಕು. ಆ ಕಾಲಿಗೆ ಭಾನುವಾರ ಎಣ್ಣೆ ತಿಕ್ಕಿ ಅವನು ಸೂರತ್ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಗೋಲು ಹೊಡೆಯುವುದು ಅವನ ಕೆಲಸ, ತಡೆಯುವುದು ನನ್ನದು. ನಾನು ಅಹಮದಾಬಾದಿನಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಕೂತೇ ಇರುವವನಿಗೆ ಓಡಲು ಬರುವುದಿಲ್ಲವೆಂದು ನಮ್ಮ ಹುಡುಗರು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದರು. ಹಾರಲೂ ಬರುವುದಿಲ್ಲವೆಂದು ಅವರಿಗೆ ಆಮೇಲೆ ತಿಳಿಯಿತು.

ಎರಡೂ ಊರಿನ ಹೋಟೆಲಿನವರ ತಂಡಗಳು ವರ್ಷಕ್ಕೊಮ್ಮೆ ವಡೋದರಾದಲ್ಲಿ ಸೇರುತ್ತಿದ್ದವು. ಅವರು ಇಲ್ಲಿಗೆ ಬರಲು ಒಪ್ಪುತ್ತಿರಲಿಲ್ಲ, ನಾವು ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ, ವಡೋದರಾ ನಡುವೆ ಸಿಗುತ್ತಿತ್ತು. ಇಬ್ಬರೂ ಇಡ್ಲಿ ಕಟ್ಟಿಸಿಕೊಂಡು ರೈಲು ಹತ್ತುತ್ತಿದ್ದೆವು. ಮೈದಾನದ ಎರಡು ಬದಿಗೆ ಕೂತು ತಿನ್ನುವಾಗ ಒಬ್ಬರ ಚಟ್ನಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಸೂರತ್ತಿನವರು ಸಿಹಿ ಬಯಸುವ ಗುಜರಾತಿ ಗಿರಾಕಿಗಳಿಗೆ ಹೆದರಿ ಸಾಂಬಾರಿಗೆ ಬೆಲ್ಲ ಸುರಿಯುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು. ನಾವೂ ಸುರಿಯುತ್ತಿದ್ದೆವು, ಆ ಮಾತು ಬೇರೆ.

ಪೆನಾಲ್ಟಿ ಎಂದರೆ ನಿಮಗೆ ಗೊತ್ತಿರಬಹುದು: ಚೆಂಡು, ಹೊಡೆಯುವವನು, ನಾನು, ಮಧ್ಯೆ ಯಾರೂ ಇಲ್ಲ. ಪ್ರತಿ ವರ್ಷ ಹೇಗೋ ಸೂರತ್ತಿಗೆ ಒಂದು ಸಿಗುತ್ತಿತ್ತು. ಸದಣ್ಣ ಚೆಂಡು ಇಟ್ಟು, ನಾಲ್ಕು ಹೆಜ್ಜೆ ನನ್ನ ಕಡೆ ಬಂದು, ಮೆಲ್ಲಗೆ ಹೇಳುತ್ತಿದ್ದ: "ಹೆದ್ರಬೇಡ ಮಾರಾಯ. ನಿನ್ನ ಬಲಕ್ಕೇ ಹೊಡಿತೆ." ಯಾವ ಕಡೆ ಹೊಡೆಯುತ್ತೇನೆಂದು ಎದುರಾಳಿ ನಿಜ ಹೇಳುತ್ತಾನೆಯೇ? ನಾನು ಎಡಕ್ಕೆ ಹಾರುತ್ತಿದ್ದೆ. ಚೆಂಡು ಬಲಕ್ಕೇ ಹೋಗುತ್ತಿತ್ತು. ಮರುವರ್ಷ, ಕಳೆದ ಸಲ ನಿಜ ಹೇಳಿದ್ದಾನೆ, ಈ ಸಲ ಖಂಡಿತ ಸುಳ್ಳು ಎಂದು ಮತ್ತೆ ಎಡಕ್ಕೆ. ಹೀಗೆ ಎಂಟು ವರ್ಷ. ಅವನು ಒಂದು ಸಲವೂ ಸುಳ್ಳು ಹೇಳಲಿಲ್ಲ, ನಾನು ಒಂದು ಸಲವೂ ನಂಬಲಿಲ್ಲ. ಪಂದ್ಯಕ್ಕೆ ವಾರ ಇರುವಾಗಲೇ ನನಗೆ ಊಟ ಸೇರುತ್ತಿರಲಿಲ್ಲ.

ಎಂಟನೆಯ ವರ್ಷ ಆಟ ಮುಗಿಸಿ ವಡೋದರಾ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಸದಣ್ಣ ನಮ್ಮ ಕ್ಯಾಪ್ಟನ್ ರಾಘುವಿನ ಹತ್ತಿರ ಒಂದು ಮಾತು ಕೇಳಿದ. "ಅಮದಾಬಾದಿನಗೆ ಕಾವಲಿ ಕೆಲ್ಸ ಎಲ್ಲಾದ್ರೂ ಇತ್ತಾ? ಮಗಳು ಅಲ್ಲೇ ನರ್ಸಿಂಗ್ ಓದ್ಕ್ ಸೇರಿದ್ಲ್." ಅಷ್ಟೇ. ಸಿಗರೇಟು ಸೇದುತ್ತ ಯಾರೂ ಕೇಳಬಹುದಾದ ಮಾತು. ರಾಘುವಿನ ಕಿವಿಗೆ ಅದು, ಸೂರತ್ತಿನ ಸದಣ್ಣ ಇನ್ನು ನಮ್ಮ ತಂಡಕ್ಕೆ ಎಂದು ಬಿತ್ತು.

ಸಭೆ ಸೇರಿತು. ನಮ್ಮ ಸಭೆಗಳೆಲ್ಲ ಮಾವನ ಹೋಟೆಲಿನ ಹಿಂದೆ, ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಈರುಳ್ಳಿ ಮೂಟೆಗಳ ಮೇಲೆ. ಅವನಿಗೆ ನಲವತ್ತೊಂದು ವರ್ಷ, ಮೊಣಕಾಲು ಕೈಕೊಟ್ಟಿದೆ ಎಂದು ಕೆಲವರು. ಎಂಟು ವರ್ಷ ನಮಗೆ ಗೋಲು ಹೊಡೆದವನನ್ನು ನಾವೇ ಕರೆತರುವುದೆಂದರೆ ಮರ್ಯಾದೆ ಎಲ್ಲಿ ಉಳಿಯಿತು ಎಂದು ಇನ್ನು ಕೆಲವರು. ಅವನು ನಿಂತರೆ ಸಾಕು, ಎದುರಿನವರು ಹೆದರುತ್ತಾರೆ ಎಂದು ರಾಘು. ನಾನು ಎದ್ದು ನಿಂತು ಅನುಭವದ ಬೆಲೆ, ಕಿರಿಯರಿಗೆ ಮಾರ್ಗದರ್ಶನ ಎಂದೆಲ್ಲ ಮಾತಾಡಿದೆ. ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಅವನು ನಮ್ಮ ತಂಡಕ್ಕೆ ಬಂದರೆ ನಾನು ಅವನ ಎದುರು ನಿಲ್ಲಬೇಕಾಗಿಲ್ಲ. ಅವತ್ತು ನನ್ನ ಬಾಯಲ್ಲಿ ಮಾತಾಡಿದ್ದು ಹೆದರಿಕೆ.

ಸರಿ, ತರೋಣ ಎಂದಾಯಿತು. ಆಗ ಮಾವ ಒಳಗಿನಿಂದ ಬಂದರು. "ಶೆಟ್ರಿಗೆ ಹೇಳಿದ್ರಾ? ಒಬ್ರ ಅಡುಗೆಮನೆಯ ಜನವನ್ನು ಅವ್ರಿಗೆ ಒಂದ್ ಮಾತು ಹೇಳದೆ ಕರ್ಕೊಂಡ್ ಬರೂದು ನಮ್ಮಲ್ಲಿಲ್ಲ. ನೀನೇ ಹೋಗಿ ಎದುರು ಕೂತು ಕೇಳಿ ಬಾ." ಕೊನೆಯ ಮಾತು ನನ್ನ ಕಡೆ ತಿರುಗಿ.

ಇದು ನಮ್ಮ ಹೋಟೆಲಿನವರ ಪದ್ಧತಿ. ಬೇರೆ ಹೋಟೆಲಿನ ಅಡುಗೆ ಭಟ್ಟರೋ ಕಾವಲಿಯವನೋ ಬೇಕೆಂದರೆ ಮೊದಲು ಅಲ್ಲಿನ ಧಣಿಯ ಒಪ್ಪಿಗೆ, ಆಮೇಲೆ ಆಳಿನ ಹತ್ತಿರ ಮಾತು. ಪರವೂರಿನಲ್ಲಿ ನಮ್ಮವರು ಒಬ್ಬರನ್ನೊಬ್ಬರು ಕಚ್ಚಾಡದೆ ಉಳಿದದ್ದು ಇದರಿಂದಲೇ. ಒಳ್ಳೆಯ ಪದ್ಧತಿ, ನಾನೂ ತಲೆಯಾಡಿಸಿದೆ. ಸದಣ್ಣ ಬರುತ್ತೇನೆಂದು ಹೇಳಿಯೇ ಇಲ್ಲವೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸೂರತ್ತಿಗೆ ಹೋದೆ. ಶೆಟ್ಟರು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ತರಿಸಿದರು. ನಾನು ವಿನಯದಿಂದ ವಿಷಯ ಹೇಳಿದೆ. ಅವರ ಮುಖ ಮೊದಲು ಬೆಪ್ಪಾಯಿತು, ಆಮೇಲೆ ಬಿಗಿಯಿತು.

"ನಂಗೆ ಒಂದ್ ಮಾತು ಹೇಳ್ಲಿಲ್ಲ ಅವ," ಎಂದರು. "ಹದಿನೇಳು ವರ್ಷ ನನ್ನ ಮನೆಯವನ ಹಾಗಿದ್ದ. ಕರ್ಕೊಂಡ್ ಹೋಗಿ. ಹೇಗೂ ಕಾಲು ಹೋಗಿದೆ."

ತಟ್ಟೆಗಳು ಹೊರಬರುವ ಕಿಂಡಿಯಾಚೆ ಸದಣ್ಣ ಕಾವಲಿಯ ಮುಂದೆ ನಿಂತಿದ್ದ. ನನ್ನನ್ನು ನೋಡಿ ನಕ್ಕು, ಸೌಟು ಎತ್ತಿ ತೋರಿಸಿದ. ಅವನಿಗೇನೂ ಗೊತ್ತಿರಲಿಲ್ಲ. ಆ ನಗು ಕಂಡು ನಾನು ಕಾಫಿ ಲೋಟ ಕೆಳಗಿಟ್ಟೆ. ನಾನು ಏನು ಮಾಡಿಬಿಟ್ಟೆ ಎಂಬುದು ಆಗಲೇ ತಿಳಿಯಿತು. ಒಳಗೆ ಹೋಗಿ ಅವನಿಗೆ ಹೇಳಬೇಕಿತ್ತು. ರೈಲಿಗೆ ಹೊತ್ತಾಯಿತೆಂದು ಹೊರಟು ಬಂದೆ.

ಆಮೇಲಿನ ಸುದ್ದಿಗಳು ಒಂದೊಂದಾಗಿ ಬಂದವು. ಕಾವಲಿಗೆ ಹೊಸಬನನ್ನು ನಿಲ್ಲಿಸಿ ಸದಣ್ಣನನ್ನು ತರಕಾರಿ ಹೆಚ್ಚಲು ಕೂರಿಸಿದ್ದಾರೆ. ಶೆಟ್ಟರೇ ನಡೆಸುವ ತಂಡದಿಂದಲೂ ಇಳಿಸಿ ಕಾಯುವವರ ಸಾಲಿಗೆ ಹಾಕಿದ್ದಾರೆ. ಹೋಟೆಲಿನ ಹಿಂದಿನ ಅವನ ಕೋಣೆ ಖಾಲಿ ಮಾಡಿಸುತ್ತಾರಂತೆ. ಇತ್ತ ನಮ್ಮವರೂ ಮೊಣಕಾಲಿನ ಮಾತು ಮತ್ತೆ ಎತ್ತಿ, ಬೇಡ ಎಂದು ತೀರ್ಮಾನಿಸಿದರು. ಫೋನ್ ಬಂದರೆ ಸಾಕು, ಸದಣ್ಣನದೇ ಎಂದು ಎತ್ತಲು ಹಿಂಜರಿಯುತ್ತಿದ್ದೆ. ಒಬ್ಬ ಮನುಷ್ಯನನ್ನು ನಡುನೀರಿನಲ್ಲಿ ಬಿಟ್ಟವನು ನಾನು, ಅದೂ ಪದ್ಧತಿ ಪ್ರಕಾರ. ಅವನ ಫೋನ್ ಬರಲೇ ಇಲ್ಲ.

ಮರುವರ್ಷದ ಪಂದ್ಯಕ್ಕೆ ಅವನು ಬಂದಿದ್ದ, ಅವರ ನೀಲಿ ಅಂಗಿ ತೊಟ್ಟು ಗೆರೆಯಾಚೆ ಕೂತಿದ್ದ. ನಾನು ಆ ಕಡೆ ನೋಡಲಿಲ್ಲ. ಆಟ ಸಮವಾಗಿ ನಡೆದು, ಮುಗಿಯಲು ನಾಲ್ಕೈದು ನಿಮಿಷ ಇರುವಾಗ ನಮ್ಮವನೊಬ್ಬನ ತಪ್ಪಿಗೆ ಸೂರತ್ತಿಗೆ ಪೆನಾಲ್ಟಿ ಸಿಕ್ಕಿತು. ಶೆಟ್ಟರು ಒಬ್ಬನನ್ನು ಹೊರಗೆ ಕರೆದು ಸದಣ್ಣನನ್ನು ಒಳಗೆ ಕಳಿಸಿದರು. ಗೆರೆಯಿಂದ ಅವರು ಹೇಳಿದ್ದು ನನಗೂ ಕೇಳಿಸಿತು: "ಇದೊಂದು ಹೊಡಿ ಸದಾಶಿವ. ಮತ್ತೆ ಕಾವಲಿ ವಿಷಯ ನೋಡುವ."

ಅವನು ಕುಂಟುತ್ತ ಬಂದ. ಚೆಂಡು ಇಟ್ಟ. ನಾಲ್ಕು ಹೆಜ್ಜೆ ನನ್ನ ಕಡೆ ಬಂದ, ಎಣ್ಣೆಯ ವಾಸನೆಯೂ ಬಂತು. ಬೈಯುತ್ತಾನೆ ಎಂದುಕೊಂಡೆ. "ಹೆದ್ರಬೇಡ ಮಾರಾಯ," ಎಂದ. "ನಿನ್ನ ಬಲಕ್ಕೇ ಹೊಡಿತೆ."

ಒಂಬತ್ತನೆಯ ಸಲ, ಮೊದಲ ಬಾರಿಗೆ, ನಾನು ಅವನನ್ನು ನಂಬಿದೆ. ಬಲಕ್ಕೇ ಬರುತ್ತದೆ. ತಡೆದರೆ ಅವನಿಗೆ ಕಾವಲಿ ಮತ್ತೆ ಸಿಗುವುದಿಲ್ಲ, ಕೋಣೆಯೂ ಹೋಗುತ್ತದೆ. ನಾನು ಎಡಕ್ಕೆ ಹಾರಿದೆ. ನೆಲದಲ್ಲಿ ಬಿದ್ದುಕೊಂಡೇ ತಿರುಗಿ ನೋಡಿದೆ. ಅವನ ಕಾಲಲ್ಲಿ ಬಲವಿರಲಿಲ್ಲ, ಚೆಂಡು ಬಲಗಡೆ ಹುಲ್ಲಿನ ಮೇಲೆ ಉರುಳುತ್ತ ಹೋಗುತ್ತಿತ್ತು. ಎದ್ದು ನಡೆದು ಹೋಗಿದ್ದರೂ ಹಿಡಿಯಬಹುದಿತ್ತು. ನಾನು ಏಳಲಿಲ್ಲ.

ಸೂರತ್ತಿನವರು ಕುಣಿದರು. ಸದಣ್ಣ ಕುಣಿಯಲಿಲ್ಲ. ಬಂದು ಕೈಕೊಟ್ಟು ನನ್ನನ್ನು ಎಬ್ಬಿಸಿದ.

"ಗೊತ್ತಿದ್ದೇ ಹಾರ್ದೆ, ಅಲ್ದಾ?"

"ಇಲ್ಲ ಸದಣ್ಣ," ಎಂದೆ.

"ಇಷ್ಟ್ ವರ್ಷ ನಾ ನಿಂಗೆ ಒಂದ್ ಸುಳ್ಳ್ ಹೇಳ್ಲಿಲ್ಲ," ಎಂದ. "ನೀ ಹೆದ್ರಿ ಹಾರ್ತಿದ್ದೆ, ಅದ್ರಗೆ ನಂಗೊಂದ್ ಮರ್ಯಾದಿ ಇತ್ತ್. ಇವತ್ತ್ ಪಾಪ ಅಂದ್ಹೇಳಿ ಹಾರ್ದೆ."

ಶೆಟ್ಟರು ಅವತ್ತೇ ಕಾವಲಿ ವಾಪಸು ಕೊಟ್ಟರು. ಸದಣ್ಣ ತೆಗೆದುಕೊಳ್ಳಲಿಲ್ಲ. ತಿಂಗಳೊಳಗೆ ಸೂರತ್ ಬಿಟ್ಟು ವಡೋದರಾ ಸ್ಟೇಷನ್ನಿನ ಹಿಂದೆ ಹೆಂಡತಿಯ ಜೊತೆ ಸಣ್ಣದೊಂದು ದೋಸೆ ಗಾಡಿ ಹಾಕಿದ. ಮತ್ತೆ ಆಡಲಿಲ್ಲ. ಈ ಹನ್ನೊಂದು ವರ್ಷದಲ್ಲಿ ನಾನು ಎಷ್ಟೋ ಸಲ ವಡೋದರಾಕ್ಕೆ ಹೋಗಿದ್ದೇನೆ. ಸ್ಟೇಷನ್ನಿನ ಮುಂದಿನ ಬಾಗಿಲಿನಿಂದಲೇ ಹೊರಗೆ ಬರುತ್ತೇನೆ.

ಎಣ್ಣೆ ತಂದ ಕತೆಗೆ ಬರುತ್ತೇನೆ. ನಮ್ಮ ತಂಡದಲ್ಲಿ ಈಗ ಹೋಟೆಲಿನವರು ಕಡಿಮೆ. ಇಲ್ಲಿ ಫ್ಲ್ಯಾಟ್ ಹಿಡಿದು ಕೆಲಸಕ್ಕೆ ಹೋಗುವ ನಮ್ಮೂರ ಹುಡುಗರೇ ಹೆಚ್ಚು. ಗೋಲಿಗೆ ಹೊಸ ಕೀಪರ್ ಬೇಕೆಂಬ ಮಾತು ಅವರಲ್ಲಿ ನಡೆದಿದೆಯೆಂದು ನನಗೆ ಗೊತ್ತು. ಕಳೆದ ಭಾನುವಾರ ಅಭ್ಯಾಸದಲ್ಲಿ ಪ್ರತೀಕ್ ಎಂಬವನು ಪೆನಾಲ್ಟಿ ಹೊಡೆದ. ಅವನ ಹೊಡೆತಕ್ಕೆ ಬಲೆ ಹರಿಯುತ್ತದೆ. ಅವತ್ತು ಚೆಂಡು ಮೆಲ್ಲಗೆ ಬಂದು ನನ್ನ ಎರಡು ಕೈಯೊಳಗೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸೂಪರ್ ಅಂಕಲ್, ಇನ್ನೂ ಹತ್ತು ವರ್ಷ ಆಡ್ತೀರ," ಎಂದ ಪ್ರತೀಕ್. ನಾನು ಅವನ ಮುಖ ನೋಡಿದೆ. ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡ, ಬಿಚ್ಚಿರದಿದ್ದ ದಾರ.

ಅವತ್ತು ಸದಣ್ಣನಿಗೆ ನಾನು ಏನು ಮಾಡಿದೆನೆಂದು ನನಗೆ ಪೂರ್ತಿ ತಿಳಿದದ್ದು ಆ ಚಪ್ಪಾಳೆಯಲ್ಲಿ.

ಮೊಣಕಾಲಿಗೆ ಎಣ್ಣೆ ತಿಕ್ಕಿ, ಕೈಗವಸು ಚೀಲಕ್ಕೆ ಹಾಕಿಟ್ಟಿದ್ದೇನೆ. ನಾಳೆ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋಗುತ್ತೇನೆ, ಸ್ಟೇಷನ್ನಿನ ಹಿಂದಿನ ಬಾಗಿಲಿನಿಂದ ಹೊರಬೀಳುತ್ತೇನೆ. ಒಂದು ಚೆಂಡು ಹೊಡೆದುಕೊಡು ಎಂದು ಕೇಳುತ್ತೇನೆ. ಐವತ್ತು ದಾಟಿದ ಅವನೂ ನಾನೂ ದೋಸೆ ಗಾಡಿಯ ಪಕ್ಕ ನಿಂತರೆ ಜನ ನಗುತ್ತಾರೆ, ನಗಲಿ. ಅವನು ಬಲಕ್ಕೆ ಎಂದರೆ ಬಲಕ್ಕೇ ಹಾರುತ್ತೇನೆ, ಮೊಣಕಾಲು ಮುರಿದರೂ ಸರಿ. ನನಗಿರುವ ಹೆದರಿಕೆ ಅದಲ್ಲ. ಚೆಂಡು ಇಟ್ಟು, ಯಾವ ಕಡೆ ಎಂದು ಹೇಳದೆಯೇ ಅವನು ಹೊಡೆದುಬಿಟ್ಟರೆ?